ರೆಕಾರ್ಡ್ ರೂಮಿನ ಮೀನು ಡಾಕ್ಟ್ರು

ಸರ್ಕಾರಿ ಕಚೇರಿಯಲ್ಲಿ ಇಷ್ಟು ವರ್ಷ ಸವೆಸಿದ್ದೀಯಲ್ಲ, ಹೆಮ್ಮೆಯಿಂದ ಹೇಳಿಕೊಳ್ಳುವಂಥದ್ದು ಏನಾದರೂ ಇದೆಯೇ ಎಂದು ಯಾರಾದರೂ ಕೇಳಿದರೆ ನಾನು ನನ್ನ ಕೆಲಸದ ಸುದ್ದಿ ಎತ್ತುವುದಿಲ್ಲ. ಅಲ್ಲಿ ಹೇಳುವಂಥದ್ದೇನೂ ಇಲ್ಲ. ಇಂಥವರೊಬ್ಬರ ಜೊತೆ ಹದಿನಾಲ್ಕು ವರ್ಷ ಒಂದೇ ಸೂರಿನಡಿ ಇದ್ದೆ ಎನ್ನುತ್ತೇನೆ. ಅವರ ಹೆಸರನ್ನು ಮಾತ್ರ ಬರೆಯುವಂತಿಲ್ಲ. ನಿಮ್ಮ ಬಗ್ಗೆ ಬರೆಯುತ್ತಿದ್ದೇನೆ ಎಂದು ಫೋನ್ ಮಾಡಿದಾಗ, "ಬರೀರಿ, ಬ್ಯಾಡ ಅನ್ನಂಗಿಲ್ಲ. ಹೆಸರು ಹಾಕಿದ್ರೆ ಮಾತ್ರ ಮುಂದಿನ ಬಸ್ಸಿಗೆ ಬಂದು ವಿಚಾರಿಸ್ಕೊಳ್ತೀನಿ" ಎಂದರು. ಅವರು ವಿಚಾರಿಸಿಕೊಳ್ಳುವುದು ಹೇಗಿರುತ್ತದೆ ಎಂದು ನಮ್ಮ ಕಚೇರಿಯ ಜವಾನರಿಂದ ಹಿಡಿದು ಶಿರಸ್ತೇದಾರರವರೆಗೆ ಎಲ್ಲರಿಗೂ ಗೊತ್ತು. ಆದ್ದರಿಂದ ಹೆಸರಿನ ಗೊಡವೆಗೆ ನಾನು ಹೋಗುವುದಿಲ್ಲ.

ಸೊರಬದ ನಮ್ಮ ತಾಲ್ಲೂಕು ಕಚೇರಿಯಲ್ಲಿ ಅವರು ರೆಕಾರ್ಡ್ ರೂಮು ನೋಡಿಕೊಳ್ಳುತ್ತಿದ್ದರು. ಹಳೆಯ ಪಹಣಿ, ಖಾತೆ, ನಕ್ಷೆ, ಕೆಂಪು ಬಟ್ಟೆಯಲ್ಲಿ ಕಟ್ಟಿಟ್ಟ ಕಡತಗಳು, ಅವುಗಳ ನಡುವೆ ಒಂದು ಕುರ್ಚಿ, ಒಂದು ಟೇಬಲ್ ಫ್ಯಾನು. ಮನೆ ಶಿಕಾರಿಪುರದ ಹತ್ತಿರದ ಒಂದು ಹಳ್ಳಿ. ಬೆಳಿಗ್ಗೆ ಬಸ್ಸಿನಲ್ಲಿ ಬಂದು ಸಂಜೆ ಬಸ್ಸಿನಲ್ಲಿ ಹೋಗುವರು. ತವರಿನವರು ಕುರಿ ಸಾಕುವವರು. ಶಾಲೆಗೆ ರಜೆ ಇದ್ದಾಗಲೆಲ್ಲ ಕುರಿಯ ಹಿಂದೆ ಹೋಗಿ ಬೆಳೆದವರು ಇವರು. ಎತ್ತರದ ಆಳು, ಬೀಸು ನಡಿಗೆ. ಮಾತು ಕಡಿಮೆ. ಆಡಿದರೆ ಎದುರಿಗಿದ್ದವರಿಗೆ ತಪ್ಪಿಸಿಕೊಳ್ಳಲು ಜಾಗವಿರುತ್ತಿರಲಿಲ್ಲ.

ಕಚೇರಿಗೆ ಮೀನು ಬಂದದ್ದು ಹಿಂದೆ ಇದ್ದ ಸಾಹೇಬರೊಬ್ಬರ ಶೋಕಿಯಿಂದ. ಜನ ಕಾಯುವ ಬೆಂಚಿನ ಎದುರಿಗೆ ಮೇಜಿನಗಲದ ಗಾಜಿನ ತೊಟ್ಟಿ ಇಡಿಸಿ ಆರು ಗೋಲ್ಡ್‌ಫಿಶ್ ಬಿಟ್ಟರು. ವರ್ಗವಾದಾಗ ಕುರ್ಚಿ, ಕಡತ, ಮೀನು ಎಲ್ಲದರ ಚಾರ್ಜು ಕೊಟ್ಟು ಹೊರಟುಹೋದರು. ಆಮೇಲೆ ಮೀನಿಗೆ ದಿಕ್ಕಿಲ್ಲದಂತಾಯಿತು ಎಂದು ಹೇಳಲಾರೆ, ದಿಕ್ಕು ಹೆಚ್ಚಾಗಿಹೋಯಿತು. ಕೆಲಸಕ್ಕೆ ಬಂದು ಕಾಯುವವರು ಬಿಸ್ಕತ್ತಿನ ಪುಡಿ ಉದುರಿಸುವರು. ನಾವು ನಾಲ್ಕು ಗಂಟೆಯ ಚಹಾದ ಜೊತೆ ಮಂಡಕ್ಕಿ ಹಾಕುವೆವು. ನನ್ನ ಕೈಯಂತೂ ಬಹಳ ಧಾರಾಳ.

ಒಂದು ದಿನ ದೊಡ್ಡ ಮೀನು ಹೊಟ್ಟೆ ಮೇಲೆ ಮಾಡಿ ತೇಲತೊಡಗಿತು. ಈಜಲು ಹೋದರೆ ಪಕ್ಕಕ್ಕೆ ವಾಲಿ ಮತ್ತೆ ಮಗುಚಿಕೊಳ್ಳುತ್ತಿತ್ತು. ಎತ್ತಿ ಬಿಸಾಡಲು ಜವಾನ ಬಕೆಟ್ಟು ತಂದ. ಅಷ್ಟರಲ್ಲಿ ಇವರು ರೆಕಾರ್ಡ್ ರೂಮಿನಿಂದ ಹೊರಗೆ ಬಂದು, ಬಕೆಟ್ಟನ್ನು ಕಾಲಿನಿಂದ ಆಚೆ ಸರಿಸಿ, ಒಂದು ಸ್ಟೂಲು ಎಳೆದುಕೊಂಡು ತೊಟ್ಟಿಯ ಮುಂದೆ ಕುಳಿತರು. ಊಟದ ಬಿಡುವು ಮುಗಿಯುವವರೆಗೂ ಕುಳಿತೇ ಇದ್ದರು. ನೀರಿಗೆ ಕೈ ಹಾಕಲಿಲ್ಲ, ಬರೀ ನೋಡುತ್ತಿದ್ದರು. ನನಗೆ ಸುಮ್ಮನಿರಲು ಆಗಲಿಲ್ಲ. "ಏನ್ ಮೇಡಂ, ಮೀನು ಡಾಕ್ಟ್ರಾದ್ರಾ? ನಾಡಿ ಎಲ್ಲಿ ಸಿಗುತ್ತೆ ಇದಕ್ಕೆ?" ಎಂದೆ. ಎಲ್ಲರೂ ನಕ್ಕರು. ಅಂದಿನಿಂದ ಅವರಿಗೆ ಆ ಹೆಸರು ನಿಂತಿತು. ಅದನ್ನು ಅಂಟಿಸಿದ ಪುಣ್ಯಾತ್ಮ ನಾನೇ.

"ಇದು ಸಾಯಾಂಗಿಲ್ರಿ. ಹೊಟ್ಟೆ ಕಟ್ಟೇತಿ, ಅಷ್ಟೆ. ನಿಮ್ಮ ಮಂಡಕ್ಕಿ ಒಳಗೆ ಹೋಗಿ ಉಬ್ಬೇತಿ" ಎಂದು ಎದ್ದರು. ಸ್ವಲ್ಪ ಹೊತ್ತಿನಲ್ಲಿ ಗಾಜಿನ ಮೇಲೆ ಚೀಟಿ ಅಂಟಿತ್ತು: 'ಮೂರು ದಿನ ಮೀನುಗಳಿಗೆ ಉಪವಾಸ. ತಿನ್ನಿಸಿದವರ ಕಡತ ಹುಡುಕಿಕೊಡಲಾಗುವುದಿಲ್ಲ.' ತಾಲ್ಲೂಕಿನಲ್ಲಿ ಅಷ್ಟು ಶಿಸ್ತಾಗಿ ಪಾಲನೆಯಾದ ಆದೇಶವನ್ನು ನಾನು ಬೇರೆ ಕಂಡಿಲ್ಲ. ನಾಲ್ಕನೆಯ ದಿನ ಶಿರಸ್ತೇದಾರರ ಊಟದ ಡಬ್ಬಿಯಲ್ಲಿ ಬೇಯಿಸಿದ ಬಟಾಣಿ ಇರುವುದು ಇವರ ಕಣ್ಣಿಗೆ ಬಿತ್ತು. ಕೇಳಿ ಎರಡು ಕಾಳು ತೆಗೆದುಕೊಂಡು, ತೊಳೆದು, ಸಿಪ್ಪೆ ಸುಲಿದು, ಉಗುರಿನ ತುದಿಯಷ್ಟಷ್ಟೇ ಚೂರು ಮಾಡಿ ಹಾಕಿದರು. ಮಾರನೆಯ ದಿನ ಮೀನು ನೆಟ್ಟಗೆ ಈಜುತ್ತಿತ್ತು. ಶಿರಸ್ತೇದಾರರು ತಮ್ಮ ಬಟಾಣಿಯಿಂದಲೇ ಗುಣವಾಯಿತೆಂದು ಒಂದು ವಾರ ಎದೆಯುಬ್ಬಿಸಿಕೊಂಡು ಓಡಾಡಿದರು.

ಇನ್ನೊಮ್ಮೆ ಎಲ್ಲ ಮೀನುಗಳ ಮೈಮೇಲೂ ಸಕ್ಕರೆ ಉದುರಿಸಿದ ಹಾಗೆ ಬಿಳಿ ಚುಕ್ಕೆ ಎದ್ದವು. ದಿನಾ ನೂರು ಜನ ನೋಡುತ್ತಾರೆ, ದೃಷ್ಟಿಯಾಗಿದೆ ಎಂದು ಜವಾನ ತೊಟ್ಟಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ. ಇವರು ಅದನ್ನು ಬಿಚ್ಚಿಸಲಿಲ್ಲ. "ಇರ್ಲಿ ಬಿಡ್ರಿ, ನೀರಿಗೆ ಬೀಳದಂಗೆ ನೋಡ್ಕೊಳ್ರಿ" ಎಂದರು. ಆಮೇಲೆ ತೊಟ್ಟಿಯ ಮೇಲೆ ಬಲ್ಬು ಇಳಿಬಿಟ್ಟು ನೀರನ್ನು ಬೆಚ್ಚಗೆ ಮಾಡಿದರು, ಕಲ್ಲುಪ್ಪು ಕರಗಿಸಿ ಹಾಕಿದರು, ದಿನಾ ಒಂದು ಪೈಪಿನಿಂದ ತಳದ ನೀರನ್ನಷ್ಟೇ ಎಳೆದು ತೆಗೆದರು. ಚುಕ್ಕೆ ಎಂದರೆ ಒಂದು ಸಣ್ಣ ಹುಳ, ಅದು ಮೈಯಿಂದ ಉದುರಿ ತಳಕ್ಕೆ ಬಿದ್ದ ಮೇಲೇ ಮರಿ ಮಾಡುತ್ತದೆ, ಅದನ್ನು ಅಲ್ಲೇ ಹಿಡಿಯಬೇಕು ಎಂದು ವಿವರಿಸಿದರು. ಎರಡು ವಾರದಲ್ಲಿ ಮೀನುಗಳು ಚೊಕ್ಕಟವಾದವು. ಜವಾನ ಇವತ್ತಿಗೂ ನಿಂಬೆಹಣ್ಣಿನ ಕಡೆಯೇ ಇದ್ದಾನೆ.

ಇದನ್ನೆಲ್ಲ ಎಲ್ಲಿ ಕಲಿತಿರಿ ಎಂದು ಕೇಳಿದ್ದೆ. ಅಂಬ್ಲಿಗೊಳ ಜಲಾಶಯದಲ್ಲಿ ಮೀನು ಹಿಡಿಯುವವರ ಹತ್ತಿರ ಭಾನುವಾರ ಹೋಗಿ ಕೇಳುತ್ತಿದ್ದರಂತೆ. ಅವರೋ, ಹಿಡಿಯುವುದು ಕೇಳಿದರೆ ಹೇಳುತ್ತೇವೆ, ಬದುಕಿಸುವುದು ನಮಗೇನು ಗೊತ್ತಮ್ಮ ಎಂದು ನಕ್ಕರಂತೆ. ಆದರೆ ಕಿವಿರು ಎತ್ತಿ ಬಣ್ಣ ನೋಡುವುದನ್ನು ತೋರಿಸಿಕೊಟ್ಟರು. ಉಳಿದದ್ದನ್ನು ಮೀನುಗಾರಿಕೆಯ ಕೈಪಿಡಿಗಳಿಂದ, ಮೊಬೈಲಿನಿಂದ ಹೆಕ್ಕಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು. "ಮೂಲ ಮಾತ್ರ ನಮ್ಮಪ್ಪಂದು" ಎನ್ನುವರು. "ಬೆಳಿಗ್ಗೆ ದೊಡ್ಡಿ ಬಾಗ್ಲು ತೆಗಿಯೋಕೆ ಮುಂಚೆ ಸುಮ್ನೆ ನಿಂತು ನೋಡೋನು. ಗುಂಪು ಬಿಟ್ಟು ನಿಂತಿದ್ದು ಯಾವುದು, ಮೈ ಉಜ್ಜೋದು ಯಾವುದು, ಮೇವಿಗೆ ಹಿಂದೆ ಬೀಳೋದು ಯಾವುದು. ಕುರಿ ಬಾಯಿಬಿಟ್ಟು ಹೇಳಂಗಿಲ್ಲ, ಮೀನೂ ಹೇಳಂಗಿಲ್ಲ. ನೋಡೋದು ಬಿಟ್ರೆ ಬ್ಯಾರೆ ದಾರಿ ಇಲ್ರಿ." ಔಷಧಿ ಎಂಬುದು ಅವರಲ್ಲಿ ಯಾವಾಗಲೂ ಕೊನೆಯ ದಾರಿ.

ಎಲ್ಲವನ್ನೂ ಬದುಕಿಸಿದರು ಎಂದು ನಾನು ಹೇಳಿದರೆ ಅವರೇ ಒಪ್ಪುವುದಿಲ್ಲ. ಆಮೇಲೆ ಬಂದ ಸಾಹೇಬರ ಹೆಂಡತಿ ತಮ್ಮ ಮನೆಯ ಮೀನನ್ನು ಗಾಜಿನ ಜಾಡಿಯಲ್ಲಿ ತಂದಿದ್ದರು. ಮೈ ಊದಿ ಚಿಪ್ಪುಗಳೆಲ್ಲ ನಿಮಿರಿ ನಿಂತಿದ್ದವು. ಇವರು ಮೇಲಿನಿಂದ ಒಮ್ಮೆ, ಪಕ್ಕದಿಂದ ಒಮ್ಮೆ ನೋಡಿ, "ಇದು ಉಳಿಯಂಗಿಲ್ರಿ ಮೇಡಂ. ಒಳಗಿನ ಅಂಗ ಹೋಗೇತಿ. ತಣ್ಣಗೆ ಬ್ಯಾರೆ ನೀರಾಗೆ ಬಿಡ್ರಿ, ಕಾಟ ಕೊಡಬ್ಯಾಡ್ರಿ" ಎಂದರು. ಸಾಹೇಬರ ಹೆಂಡತಿಯ ಕಣ್ಣು ತುಂಬಿತು. ಒಳ್ಳೆಯದಾಗುತ್ತದೆ ಅನ್ನಬಾರದಿತ್ತೇ ಎಂದು ನಾನು ಆಮೇಲೆ ಗೊಣಗಿದೆ. "ಸುಳ್ಳು ಹೇಳಿದ್ರೆ ಮೀನಿಗೇನು ಕೇಳ್ಸತೈತಾ?" ಎಂದು ಕೆಲಸಕ್ಕೆ ಹೋದರು. ಆ ದಿನ ನನಗೆ ಅವರು ಕಲ್ಲುಮನಸ್ಸಿನವರು ಅನ್ನಿಸಿತು. ಹಾಗೆಂದು ನಾಲ್ಕು ಜನರ ಹತ್ತಿರ ಹೇಳಿಯೂ ಹೇಳಿದೆ.

ಆಮೇಲೆ ನನ್ನ ಸರದಿ ಬಂತು. ನನ್ನ ತಂದೆ ತಮ್ಮ ಕೊನೆಯ ವರ್ಷದಲ್ಲಿ, ಶಿವಮೊಗ್ಗದ ಆಸ್ಪತ್ರೆಗೆ ತೋರಿಸಿಕೊಂಡು ಬರುವಾಗ ಒಂದು ಗಾಜಿನ ತೊಟ್ಟಿ, ಎರಡು ಗೋಲ್ಡ್‌ಫಿಶ್ ತಂದಿದ್ದರು. ನಿನಗೆ ಹೊತ್ತು ಹೋಗುತ್ತದೆ ಎಂದು ಅಮ್ಮನ ಎದುರಿಗೆ ಇಟ್ಟರು. ನೀರು ಹಾಕುವುದು, ತೊಳೆಯುವುದು ಎಲ್ಲ ಅವರದೇ. ಅವರು ಹೋದ ಮೇಲೆ ಅದು ಅಮ್ಮನ ಪಾಲಿಗೆ ಬಂತು. ಎಪ್ಪತ್ತೆಂಟರ ಅಮ್ಮ ನಮ್ಮ ಜೊತೆ ಮಾತು ಕಡಿಮೆ ಮಾಡಿದಳು, ಮೀನಿನ ಜೊತೆ ಹೆಚ್ಚು ಮಾಡಿದಳು. ಎದ್ದ ಕೂಡಲೇ ತೊಟ್ಟಿಯ ಮುಂದೆ ಹೋಗಿ ಕುಳಿತುಕೊಳ್ಳುವಳು. ಮೂರು ತಿಂಗಳಲ್ಲಿ ಒಂದು ಮೀನು ಸತ್ತಿತು. ಎರಡು ದಿನ ಅವಳು ಸರಿಯಾಗಿ ಊಟ ಮಾಡಲಿಲ್ಲ. ಇನ್ನೆರಡು ತಿಂಗಳಿಗೆ ಉಳಿದ ಮೀನೂ ರೆಕ್ಕೆಗಳನ್ನು ಮೈಗೆ ಒತ್ತಿಕೊಂಡು ತಳದಲ್ಲಿ ಕೂರತೊಡಗಿತು. ಆಗಾಗ ಮೇಲೆ ಬಂದು ಬಾಯಿ ಬಿಡುತ್ತಿತ್ತು. ಮೈಮೇಲೆ ಲೋಳೆ ಕಟ್ಟಿತ್ತು. ಅಂಗಡಿಯವರು ಕೊಟ್ಟ ನೀಲಿ ಔಷಧಿ ಹಾಕಿದೆ, ಏನೂ ಬದಲಾಗಲಿಲ್ಲ. "ಅವರು ತಂದಿದ್ದು ಕಣಾ, ಇದೂ ಹೋದ್ರೆ ನಾನೆಂತ ಮಾಡ್ಲಿ" ಎಂದಳು ಅಮ್ಮ. ನನಗೆ ಮೀನಿಗಿಂತ ಅಮ್ಮನದೇ ಹೆದರಿಕೆಯಾಯಿತು.

ವರ್ಷಗಟ್ಟಲೆ ಮೀನು ಡಾಕ್ಟ್ರು ಎಂದು ಆಡಿಕೊಂಡ ಬಾಯಿಂದಲೇ ಕೇಳಬೇಕಾಯಿತು. ಅವರು ಒಂದು ಚುಚ್ಚುಮಾತೂ ಆಡಲಿಲ್ಲ. ಮಧ್ಯಾಹ್ನಕ್ಕೆ ಅರ್ಧ ದಿನ ರಜೆ ಬರೆದುಕೊಟ್ಟು ನನ್ನ ಜೊತೆ ಮನೆಗೆ ಬಂದರು. ಅಮ್ಮ ಕೊಟ್ಟ ಕುರ್ಚಿ ಬಿಟ್ಟು ನೆಲದ ಮೇಲೆ, ತೊಟ್ಟಿಯ ಎತ್ತರಕ್ಕೆ ಕಣ್ಣು ಬರುವಂತೆ ಕುಳಿತರು. ಗಂಟೆ ದಾಟಿತು. ಆಮೇಲೆ ಬಚ್ಚಲಿಗೆ ಹೋಗಿ ಸೋಪು ಹಚ್ಚಿ ಕೈ ತೊಳೆದರು, ಮತ್ತೆ ತೊಳೆದರು. "ಜಾರು ಹೋಗವಲ್ದು. ಬಾಳ ಮೆತ್ತನೆ ನೀರು ನಿಮ್ಮ ಬಾವೀದು. ನಮ್ಮ ಕಡೆ ಬೋರಿನ ನೀರಿಗೆ ಸೋಪು ನೊರೇನೇ ಬರಂಗಿಲ್ಲ" ಎಂದರು. ಮೀನಿಗೂ ಸೋಪಿಗೂ ಏನು ಸಂಬಂಧ ಎಂದು ನನಗೆ ಹೊಳೆಯಲಿಲ್ಲ.

"ಈ ತೊಟ್ಟ್ಯಾಗೆ ಮೊದ್ಲು ಸತ್ತಿದ್ದು ಏನ್ರಿ?" ಎಂದು ಕೇಳಿದರು.

"ಇನ್ನೊಂದು ಮೀನು" ಎಂದೆ.

"ಅದಕ್ಕೂ ಮುಂಚೆ?"

ಯೋಚಿಸಿದಾಗ ನೆನಪಾಯಿತು. ನೀರಿನ ಗಿಡದ ಜೊತೆ ಬಂದ ಸಣ್ಣ ಬಸವನಹುಳುಗಳು ಗಾಜಿಗೆಲ್ಲ ಅಂಟಿಕೊಂಡಿದ್ದವು. ಅಪ್ಪ ಹೋದ ತಿಂಗಳೊಪ್ಪತ್ತಿನಲ್ಲಿ ಅವೆಲ್ಲ ತಾವಾಗಿಯೇ ಸತ್ತುಹೋಗಿದ್ದವು. ಪೀಡೆ ತೊಲಗಿತು ಎಂದುಕೊಂಡಿದ್ದೆ. ಅದನ್ನು ಹೇಳಿದೆ. ಅವರು ತಲೆಯಾಡಿಸಿ ಅಮ್ಮನ ಕಡೆ ತಿರುಗಿದರು.

"ಅಮ್ಮಾರೆ, ಇದಕ್ಕೆ ನೀರು ಯಾವುದು ಹಾಕ್ತೀರಿ?"

ಅಮ್ಮನ ಮುಖ ಅರಳಿತು. "ಅವರಾದ್ರೆ ಬಾವಿ ನೀರು ಸೇದಿ ಹಂಗೇ ಸುರೀತಿದ್ರು. ನಾನು ಹಂಗೆ ಮಾಡೋದಿಲ್ಲ. ನಾವು ಕುಡಿಯೋದೇ ಇದಕ್ಕೂ. ತಾಮ್ರದ ಕೊಡದಲ್ಲಿ ತುಂಬಿಟ್ಟು ಬೆಳಿಗ್ಗೆ ಹಾಕ್ತೆ. ವಾರಕ್ಕೊಂದ್ಸಲ ಪೂರ್ತಿ ನೀರು ಬದಲಾಯ್ಸೋದೂ ಅದ್ರಿಂದ್ಲೇ. ಕೊಡನ ದಿನಾ ಹುಣಸೆಹಣ್ಣು ಹಾಕಿ ತಿಕ್ತೆ, ಬಂದು ನೋಡಿ ಬೇಕಾದ್ರೆ, ಕನ್ನಡಿ ಇದ್ದಂಗಿದೆ."

ನಾವು ಅಡುಗೆಮನೆಗೆ ಹೋಗಿ ನೋಡಿದೆವು. ಕೊಡ ಥಳಥಳ ಹೊಳೆಯುತ್ತಿತ್ತು. ಅದನ್ನು ನೋಡಿದ ಇವರ ಮುಖದಲ್ಲಿ ಕಾಯಿಲೆ ಸಿಕ್ಕಿತು ಎಂಬುದು ಕಾಣಿಸಿತು. ನನಗೂ ಅರ್ಧಂಬರ್ಧ ಅರ್ಥವಾಯಿತು. ಅಮ್ಮನ ಬೆನ್ನ ಹಿಂದೆ ನಿಂತು ಕೈಯಾಡಿಸಿದೆ, ಬೇಡ, ಹೇಳಬೇಡಿ, ಆಚೆ ಹೋಗಿ ನನಗೆ ಹೇಳಿ ಎಂದು. ಅವರು ನೋಡಿದರು, ನೋಡಿಯೂ ಅಮ್ಮನನ್ನು ತೊಟ್ಟಿಯ ಹತ್ತಿರ ಕರೆತಂದು ಪಕ್ಕದಲ್ಲಿ ಕುಳಿತರು.

"ಅಮ್ಮಾರೆ, ಈ ಕೊಡದ ನೀರೇ ಮೀನಿಗೆ ಆಗಿಬರವಲ್ದು. ಮೆತ್ತನೆ ನೀರು ತಾಮ್ರನ ಬೇಗ ಕರಗಿಸ್ಕೊಳ್ತೈತಿ. ತಿಕ್ಕಿ ಹೊಳೆಸಿದಷ್ಟೂ ಹೆಚ್ಚು. ನಾವು ಒಂದು ಚೊಂಬು ಕುಡಿದು ಸುಮ್ನಾಗ್ತೀವಿ. ಅದು ಹಗಲೂ ರಾತ್ರಿ ಅದ್ರಾಗೇ ಉಸಿರಾಡಬೇಕು. ತಾಮ್ರ ಮೊದ್ಲು ಹುಳಕ್ಕೆ ಹತ್ತತೈತಿ, ಆಮೇಲೆ ಮೀನಿಗೆ."

ಅಮ್ಮ ತೊಟ್ಟಿಯ ಗಾಜನ್ನು ಸೆರಗಿನಿಂದ ಒಮ್ಮೆ ಒರೆಸಿದಳು. ಆಮೇಲೆ, "ಹಂಗಾದ್ರೆ ಆ ಇನ್ನೊಂದೂ?" ಎಂದಳು.

"ಹೌದ್ರೀ ಅಮ್ಮಾರೆ. ಅದೂ ಇದ್ರಿಂದಲೇ ಇರಬೇಕು."

ಅಮ್ಮ ಎದ್ದು ಒಳಗೆ ಹೋದಳು. ನನಗೆ ತಡೆಯಲಾಗದ ಸಿಟ್ಟು ಬಂತು. ನಾನೇ ಮನೆಗೆ ಕರೆತಂದವರು ಎಂಬುದನ್ನೂ ಮರೆತು, "ನಿಮಗೆ ಕರುಳು ಅನ್ನೋದು ಇದೆಯಾ ಮೇಡಂ? ಸನ್ನೆ ಮಾಡ್ಲಿಲ್ವಾ ನಾನು? ನನಗೊಬ್ಬನಿಗೆ ಹೇಳಿದ್ರೆ ಆಗ್ತಿರ್ಲಿಲ್ವಾ?" ಎಂದು ಕೂಗಾಡಿದೆ.

ಅವರು ದನಿ ಏರಿಸಲಿಲ್ಲ. "ನಿಮಗೆ ಹೇಳಿದ್ರೆ ಏನ್ ಮಾಡ್ತಿದ್ರಿ? ಕೊಡ ಅಟ್ಟಕ್ಕೆ ಹಾಕ್ತಿದ್ರಿ. ತೊಟ್ಟಿ ಹತ್ರ ಅವರನ್ನ ಬಿಡ್ತಿರ್ಲಿಲ್ಲ. ಯಾಕೆ ಅಂತ ಗೊತ್ತಾಗದೇ ಅವರು ಮೂಲೇಲಿ ಕೂತ್ಕೋಬೇಕಿತ್ತು. ಮೀನು ನೋಡ್ಕೊಳ್ಳೋರು ಅವರು ಕಣ್ರೀ, ನೀವಲ್ಲ" ಎಂದು ಎದ್ದು, ಒಳಗೆ ಹೋಗಿ ಅಮ್ಮನ ಕೈ ಹಿಡಿದು ಕರೆದುಕೊಂಡು ಬಂದರು. "ಅಳೋದಾದ್ರೆ ಆಮೇಲೆ ಅಳೋಣು. ಇದು ಇನ್ನೂ ಐತಲ್ಲ. ಉಳಿಯೋದು ಅರ್ಧ, ಹೋಗೋದು ಅರ್ಧ. ಪಥ್ಯ ಕಷ್ಟದ್ದು, ನಿಮ್ಮ ಕೈಲೇ ಆಗಬೇಕು" ಎಂದರು.

ಪಥ್ಯ ನಿಜವಾಗಿ ಕಷ್ಟದ್ದೇ. ಮೂರು ದಿನ ಒಂದು ಕಾಳು ತಿಂಡಿ ಹಾಕುವಂತಿಲ್ಲ. ಬಾವಿಯ ನೀರನ್ನು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಒಂದು ದಿನ ತೆರೆದಿಡಬೇಕು. ದಿನಾ ತೊಟ್ಟಿಯ ಕಾಲುಭಾಗ ನೀರು ತೆಗೆದು, ತೊಟ್ಟಿಯದ್ದೂ ಬಕೆಟ್ಟಿನದ್ದೂ ಒಂದೇ ಬಿಸಿ ಇದೆಯೇ ಎಂದು ಮುಂಗೈ ಅದ್ದಿ ನೋಡಿ, ಲೋಟದಿಂದ ನಿಧಾನವಾಗಿ ಬಿಡಬೇಕು. ಒಮ್ಮೆಗೇ ಬದಲಾಯಿಸಿದರೆ ಮೀನು ತಡೆದುಕೊಳ್ಳುವುದಿಲ್ಲ. ಜೊತೆಗೆ ಅವರೇ ಮಾರನೆಯ ದಿನದಿಂದ ತಮ್ಮ ಮನೆಯ ಬೋರಿನ ನೀರನ್ನು ಐದು ಲೀಟರಿನ ಕ್ಯಾನಿನಲ್ಲಿ ಹೊತ್ತು ತರತೊಡಗಿದರು. ಅದರಲ್ಲಿ ಸುಣ್ಣದ ಅಂಶ ಇದೆ, ಅದು ಸೇರಿದರೆ ತಾಮ್ರದ ಕಾಟ ತಗ್ಗುತ್ತದೆ ಎಂದು. ಶಿಕಾರಿಪುರದ ಕಡೆಯಿಂದ ಮಳೆ ಸುರಿಯುವ ಸೊರಬಕ್ಕೆ ನೀರು ಹೊತ್ತು ತಂದವರು ಇವರೊಬ್ಬರೇ ಇರಬೇಕು. "ಸೊರಬದಾಗೆ ಬಾವಿ ಎಲ್ಲ ಬತ್ತಿದ್ವೇನ್ರಿ ಅಕ್ಕಾರೆ?" ಎಂದು ಕಂಡಕ್ಟರ್ ಕೇಳಿದನಂತೆ. "ಅಲ್ಲಿ ನೀರಿಗೆ ಗಟ್ಟಿತನ ಸಾಲದು ತಮ್ಮಾ" ಎಂದರಂತೆ ಇವರು. ಕಾಲಲ್ಲಿ ಉರುಳಾಡುವ ಕ್ಯಾನನ್ನು ಎರಡು ಪಾದಗಳ ನಡುವೆ ಅದುಮಿ ಹಿಡಿದು ಅಷ್ಟು ದೂರ ಬರುವರು. ನಾನು ಕೂಗಾಡಿದ್ದರ ಸುದ್ದಿಯನ್ನೇ ಎತ್ತಲಿಲ್ಲ.

ಅಮ್ಮ ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಮಾಡಿದಳು. ತಿಂಡಿ ಹಾಕದ ಮೂರು ದಿನ ತೊಟ್ಟಿಯ ಎದುರು ಕೈಕಟ್ಟಿ ಕುಳಿತಿದ್ದಳು. ನಾಲ್ಕನೆಯ ದಿನ ಹಾಕಿದ್ದನ್ನು ಮೀನು ಮುಟ್ಟಲಿಲ್ಲ, ಮಿಕ್ಕಿದ್ದನ್ನು ಹಾಗೇ ಹೊರಗೆ ತೆಗೆದಳು. ಕಿವಿರು ನಿಮಿಷಕ್ಕೆ ಎಷ್ಟು ಸಲ ಬಡಿಯುತ್ತದೆ ಎಂದು ಗೋಡೆ ಗಡಿಯಾರ ನೋಡಿ ಎಣಿಸಿ, ದಿನಾ ಸಂಜೆ ನನ್ನ ಫೋನಿನಿಂದ ಇವರಿಗೆ ವರದಿ ಒಪ್ಪಿಸುವಳು. ಅಪ್ಪ ಹೋದ ಮೇಲೆ ಅವಳು ಅಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಹನ್ನೊಂದನೆಯ ದಿನ ಮಧ್ಯಾಹ್ನ ಕಚೇರಿಗೆ ಫೋನ್ ಬಂತು. "ನಿಂಗಲ್ಲ, ಆ ಹುಡುಗಿ ಕೈಲಿ ಕೊಡು" ಎಂದಳು. ಹುಡುಗಿಗೆ ಆಗಲೇ ನಿವೃತ್ತಿ ಹತ್ತಿರವಾಗಿತ್ತು. ಫೋನಿನಿಂದ ಅಮ್ಮನ ದನಿ ರೆಕಾರ್ಡ್ ರೂಮಿನ ಆಚೆಗೂ ಕೇಳಿಸುತ್ತಿತ್ತು: "ರೆಕ್ಕೆ ಬಿಚ್ತು ಮಾರಾಯ್ತಿ! ಮೇಲೆ ಬಂದು ತಿಂತು!" ಇವರು ಕೆಂಪು ಬಟ್ಟೆಯ ಕಡತದ ಗಂಟಿನ ಮೇಲೆ ಕುಳಿತುಕೊಂಡು ಗಟ್ಟಿಯಾಗಿ ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾವು ಯಾರೂ ಕಂಡಿರಲಿಲ್ಲ. ಆ ದಿನ ನಾನು ಅವರ ಕ್ಷಮೆ ಕೇಳಿದೆ. "ತಾಯಿ ಮ್ಯಾಲಿನ ಪ್ರೀತಿಗೆ ಬೈದ್ರಿ, ಅದೇನು ತಪ್ಪಲ್ಲ ಬಿಡ್ರಿ" ಎಂದರು.

ಕಳೆದ ತಿಂಗಳು ಅವರ ಬೀಳ್ಕೊಡುಗೆ ನಡೆಯಿತು. ಅಮ್ಮ ತಾನೂ ಬರುತ್ತೇನೆಂದು ಹಟ ಮಾಡಿ ಬಂದು ಮುಂದಿನ ಸಾಲಿನಲ್ಲಿ ಕುಳಿತಿದ್ದಳು. ನಾನು ಮೀನಿನ ಕಥೆ ಹೇಳಲು ಬರೆದುಕೊಂಡು ಹೋಗಿದ್ದೆ. ಅದರಲ್ಲಿ ಬಾವಿ ನೀರು ಸರಿ ಇರಲಿಲ್ಲ ಎಂದಷ್ಟೇ ಇತ್ತು, ತಾಮ್ರದ ಕೊಡ ಇರಲಿಲ್ಲ. ಎರಡು ವಾಕ್ಯ ಓದುವಷ್ಟರಲ್ಲಿ ಅಮ್ಮ ಎದ್ದು ನಿಂತಳು.

"ನೀರಿಂದೆಂತ ತಪ್ಪಿಲ್ಲ. ಮೀನು ಸಾಯಿಸಿದ್ದು ನಾನೇ" ಎಂದಳು. "ಒಳ್ಳೇದು ಅಂತ ತಾಮ್ರದ ಕೊಡದ ನೀರು ಹಾಕಿ ಒಂದನ್ನ ಸಾಯಿಸ್ದೆ. ಇವಳು ಬಂದು ನನ್ನ ಮುಖಕ್ಕೇ ಹೇಳಿದ್ಳು. ನನ್ನ ಮಗ ಆಗಿದ್ರೆ ಹೇಳ್ತಿರ್ಲಿಲ್ಲ. ಅವನು ಒಳ್ಳೆಯವನೇ, ನಂಗೆ ನೋವಾಗ್ತದೆ ಅಂತ ಎಲ್ಲ ಮುಚ್ಚಿಡ್ತಾನೆ. ಇವನಪ್ಪಂಗೆ ಎಂತಾ ಕಾಯಿಲೆ ಅಂತ್ಲೂ ನಂಗೆ ಹೇಳ್ಲಿಲ್ಲ. ಹುಷಾರಾಗ್ತಾರೆ, ಹುಷಾರಾಗ್ತಾರೆ ಅಂತ್ಲೇ ಇದ್ರು ಮನೇಲೆಲ್ಲ. ನಾನೂ ನಂಬ್ಕಂಡು ಒಳಗೆ ಕೆಲಸ ಮಾಡ್ಕಂಡು ಇದ್ದೆ. ಇವಳ ಹಂಗೆ ಯಾರಾದ್ರೂ ಒಬ್ರು ನಿಜ ಹೇಳಿದ್ರೆ, ನಾನು ಅವರ ಹತ್ರನೇ ಕೂತಿರ್ತಿದ್ದೆ."

ಅಮ್ಮ ಕುಳಿತಳು. ವೇದಿಕೆಯ ಮೇಲಿದ್ದ ಇವರು ಹಾರ ತೆಗೆದಿಟ್ಟು ಇಳಿದು ಬಂದು, ಅಮ್ಮನ ಪಕ್ಕದ ಕುರ್ಚಿಯಲ್ಲಿ ಕುಳಿತರು. ನಾನು ಕೈಯಲ್ಲಿದ್ದ ಕಾಗದವನ್ನು ಮಡಚಿದೆ. ಇಂಥವರು ನಮ್ಮ ಕಚೇರಿಯಲ್ಲಿದ್ದರು ಎಂಬುದು ನಮ್ಮೆಲ್ಲರ ಹೆಮ್ಮೆ ಎಂದು ಹೇಳಿ ಇಳಿದೆ. ಅದು ಮಾತ್ರ ಬರೆದುಕೊಂಡದ್ದಲ್ಲ.

ಸಂಜೆ ಆಟೋ ಬೇಡ ಎಂದಳು ಅಮ್ಮ. ಮನೆಯವರೆಗೆ ನಿಧಾನವಾಗಿ ನಡೆದುಕೊಂಡು ಬಂದೆವು. ಶಿವಮೊಗ್ಗದ ಡಾಕ್ಟರು ಅಪ್ಪನ ಬಗ್ಗೆ ಮೊದಲ ದಿನ ಏನು ಹೇಳಿದ್ದರು ಎಂಬುದರಿಂದ ಶುರುಮಾಡಿ, ಎಲ್ಲವನ್ನೂ ದಾರಿಯಲ್ಲಿ ಅವಳಿಗೆ ಹೇಳಿದೆ.